ಗುರುವಾರದ ಕುಡಿಕೆ

ನನ್ನ ಬಾಯಿ ಜೋರು. ಚನ್ನಗಿರಿಯಲ್ಲಿ ನಾಲ್ಕು ಜನ ಅಣ್ಣಂದಿರ ಹಿಂದೆ ಹುಟ್ಟಿದವಳು ನಾನು. ಬಾಯಿ ಮಾಡದಿದ್ದರೆ ನನ್ನ ತಟ್ಟೆಗೆ ಮುದ್ದೆಯೂ ಬೀಳುತ್ತಿರಲಿಲ್ಲ. ಆ ಬಾಯಿಯ ಬಲದಲ್ಲೇ ಮೂವತ್ತು ವರ್ಷ ಹಳ್ಳಿ ನರ್ಸಾಗಿ ದರ್ಬಾರು ನಡೆಸಿದೆ. ಹೆರುವವರನ್ನು ಬೈದಿದ್ದೇನೆ, ಮಗುವಿಗೆ ಚುಚ್ಚುಮದ್ದು ಬೇಡ ಎಂದ ಗಂಡಸರನ್ನು ಬೈದಿದ್ದೇನೆ, ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರನ್ನು ಯಾರೋ ಔಷಧಿ ಮಾರುವವನೆಂದುಕೊಂಡು ಬೈದು, ಆಮೇಲೆ ಚಹಾ ಮಾಡಿಕೊಟ್ಟಿದ್ದೇನೆ. ಬೈದದ್ದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಅದೇ ಬಾಯಿಯಲ್ಲಿ ಒಂದು ಸುಳ್ಳು ಹೇಳಿದ್ದೆ. ಈಗ ಹೇಳಲು ಹೊರಟಿರುವುದು ಅದನ್ನೇ.

ಮೊದಲ ನೌಕರಿ ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿ. ಅಲ್ಲಿಂದ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಗಂಡ ಚನ್ನಗಿರಿಯಲ್ಲಿ ಮೇಷ್ಟ್ರು. ಇಬ್ಬರು ಮಕ್ಕಳು ಅತ್ತೆಯ ಹತ್ತಿರ ಅಲ್ಲೇ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಎಲ್ಲರನ್ನೂ ಒಂದು ಸುತ್ತು ಗದರಿಸಿ, ಸೋಮವಾರ ವಾಪಸು ಬರುತ್ತಿದ್ದೆ. ಹಾಗಾಗಿ ಜಗಳೂರು ಕಡೆಯವರಿಗೆ ನನ್ನ ಸಂಸಾರದ ವಿಚಾರ ನಾನು ಹೇಳಿದಷ್ಟೇ ಗೊತ್ತು.

ಅವು ತುರ್ತುಪರಿಸ್ಥಿತಿಯ ದಿನಗಳು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ತಿಂಗಳಿಗೆ ಇಷ್ಟು ಹೆಂಗಸರನ್ನು ಕ್ಯಾಂಪಿಗೆ ಕರೆತರಲೇಬೇಕೆಂದು ನಮಗೆ ಕಟ್ಟಪ್ಪಣೆ. ಆ ಹೆಂಗಸರಿಗೆ ನಮ್ಮ ಭಾಷೆಯಲ್ಲಿ ‘ಕೇಸು’ ಎಂದು ಹೆಸರು. ಹೆಂಗಸರು ಹೆದರುತ್ತಿದ್ದರು. ಹೆದರಿದವರೆಲ್ಲ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನೀವು ಮಾಡಿಸ್ಕಂಡೀರೇನ್ರಿ ಅಕ್ಕಾರೆ?”

“ಹೂಂ ಮತ್ತೆ! ನ್ಯಾಮತಿ ಕಡೆ ಇದ್ದಾಗಲೇ ಮಾಡಿಸ್ಕಂಡೆ. ಏನಾಗೈತೆ ನಂಗೆ? ಗುಂಡುಕಲ್ಲಿನಂಗೆ ಇಲ್ವಾ?” ಎನ್ನುತ್ತಿದ್ದೆ.

ಮಾಡಿಸಿಕೊಂಡಿರಲಿಲ್ಲ. ಬೇಕು ಅಂತಿತ್ತು, ಆದರೆ ಚಾಕು ಎಂದರೆ ನನಗೆ ಪ್ರಾಣಭಯ. ಊರವರಿಗೆಲ್ಲ ಸೂಜಿ ಚುಚ್ಚುವ ನಾನು, ನನ್ನ ಕೈಗೆ ಯಾರಾದರೂ ಸೂಜಿ ಹಿಡಿದು ಬಂದರೆ ಕಣ್ಣು ಮುಚ್ಚಿ ದೇವರ ಹೆಸರು ಹೇಳುವವಳು. ಕೇಸು ಬೇಕಿತ್ತು, ಸುಳ್ಳು ಸುಲಭವಾಗಿ ಬಂತು, ಹೇಳಿದೆ. ನನ್ನ ಮಾತು ನಂಬಿ ಬಂದವರಲ್ಲಿ ಮೂರು ಮೈಲಿ ಆಚೆಯ ಊರಿನ ಒಂದು ಮನೆಯ ಕಿರಿಸೊಸೆಯೂ ಇದ್ದಳು.

ಆ ಊರಿಗೆ ನನ್ನ ಪಾಳಿ ಪ್ರತಿ ಗುರುವಾರ. ಕ್ಯಾಂಪಿನಲ್ಲಿ ಅವಳ ಆಪರೇಷನ್ ಸಲೀಸಾಗಿಯೇ ಆಗಿತ್ತು. ಹೊಲಿಗೆ ಬಿಚ್ಚಿದವಳೂ ನಾನೇ. ಆದರೆ ಗಾಯ ಮಾಗಿ ತಿಂಗಳುಗಳಾದರೂ ಕಿಬ್ಬೊಟ್ಟೆಯ ನೋವು ಹೋಗಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರನೇ ವರ್ಷವೂ ಬಂತು. “ಒಳಗೆ ಯಾರೋ ಬಟ್ಟೆ ಹಿಂಡಿದಂಗಾಗುತ್ತೆ ಅಕ್ಕಾರೆ,” ಎನ್ನುತ್ತಿದ್ದಳು. ಎಡಗೈ ಸದಾ ಹೊಟ್ಟೆಯ ಮೇಲೆ. ನಡೆಯುವಾಗ ಹೊಟ್ಟೆ ಒತ್ತಿ ಹಿಡಿದು ನಡೆಯುವಳು, ನಗುವಾಗಲೂ ಒತ್ತಿ ಹಿಡಿದೇ ನಗುವಳು. ಗಂಡನ ಜೊತೆ ಮಲಗಿದರೆ ಎರಡು ದಿನ ಏಳಲಾಗುತ್ತಿರಲಿಲ್ಲ. ಅದನ್ನು ಅವಳು ನನ್ನ ಕಿವಿಯಲ್ಲಿ ಹೇಳಿದಾಗ ಅವಳ ವಯಸ್ಸು ಇಪ್ಪತ್ತಾರು.

ಮೂತ್ರ ನೋಡಿದರು, ರಕ್ತ ನೋಡಿದರು, ಮಾತ್ರೆಗಳನ್ನು ಕೊಟ್ಟರು. ನೋಡಿದವರೆಲ್ಲ ಹೇಳಿದ್ದು “ಏನೂ ಇಲ್ಲ” ಅಂತ. ಅವಳ ಅತ್ತೆ ಅದನ್ನೇ ಹಿಡಿದುಕೊಂಡಳು. “ಏನೂ ಇಲ್ಲ ಅಂತ ಡಾಕ್ಟ್ರೇ ಅಂದ್ರಲ್ಲ! ಕಳೆ ತೆಗಿ ಅಂದ್ರೆ ನೋವು, ಉಣ್ಣಾಕೆ ಬಾ ಅಂದ್ರೆ ನೋವಿಲ್ಲ. ಆಟ ಕಟ್ಟೀಯಾ?” ಎಂದು ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ಮುದುಕಿಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಾನು ಮಾಡಿದ್ದೇನು? ನಾನೂ ಎಷ್ಟೋ ಸಲ “ಏನೂ ಇಲ್ಲ ಕಣೆ, ಸುಮ್ನೆ ಕೆಲಸ ನೋಡ್ಕೊ” ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಕೊನೆಗೆ ದಾವಣಗೆರೆಯಲ್ಲಿ ಯಾರೋ ಒಬ್ಬ ಡಾಕ್ಟರು, ಅಷ್ಟು ತೊಂದರೆಯಾದರೆ ಗರ್ಭಕೋಶವನ್ನೇ ತೆಗೆಯೋಣ ಎಂದರು. ಮನೆಯವರಿಗಿಂತ ಅವಳೇ ಆ ಮಾತಿಗೆ ಗಂಟುಬಿದ್ದಳು. “ಒಳಗೆ ಏನೇನೈತೋ ಎಲ್ಲಾ ತೆಗೆದು ಬಿಸಾಕ್ಲಿ ಅಕ್ಕಾರೆ,” ಎಂದಳು. ಬಿತ್ತನೆಗೆ ಶೇಂಗಾ ಸುಲಿಯುವ ಕೆಲಸ ಮುಗಿದ ಮೇಲಿನ ಸೋಮವಾರ ಅವಳ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅದಕ್ಕೆ ಇನ್ನು ಆರು ವಾರ. ಇಪ್ಪತ್ತಾರು ವರ್ಷದ ಹುಡುಗಿ, ರೋಗವಿಲ್ಲದ ಗರ್ಭಕೋಶ. ನನಗೆ ಅನ್ನ ಸೇರಲಿಲ್ಲ. ಮಾರನೇ ದಿನವೇ ಅವಳನ್ನೂ ಅವಳ ಗಂಡನನ್ನೂ ಹೊರಡಿಸಿಕೊಂಡು ಜಗಳೂರಿನ ಆಸ್ಪತ್ರೆಗೆ ಹೋದೆ.

ಅಲ್ಲಿಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ತೆಳ್ಳಗಿನ ಹೆಂಗಸು, ಪಿಸುಗುಟ್ಟುವ ಹಾಗೆ ಮಾತು. ಇವರ ಮಾತು ಯಾರು ಕೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ಬೆಂಗಳೂರಿನಲ್ಲಿ ಓದುವಾಗ ಮನಸ್ಸಿನ ಕಾಯಿಲೆಗಳ ಡಾಕ್ಟರೊಬ್ಬರ ಕೈಕೆಳಗೂ ಕೆಲಸ ಮಾಡಿದ್ದರಂತೆ. ಅವರು ನಿಧಾನವಾಗಿ ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು, ನಮ್ಮ ಹುಡುಗಿಯ ಎದುರು ಕುಳಿತರು. “ನಿನ್ನ ನೋವು ನಿಜ. ನೀನು ಸುಳ್ಳು ಹೇಳ್ತಿಲ್ಲ,” ಎಂದರು.

ಅಷ್ಟಕ್ಕೇ ಅವಳು ಅಳತೊಡಗಿದಳು. ಮೂರು ವರ್ಷದಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ.

“ಗಾಯ ವಾಸಿಯಾಗಿದೆ. ಆದ್ರೆ ಹೊಟ್ಟೆ ಇನ್ನೂ ಹೆದರಿಕೊಂಡು ಬಿಗಿ ಹಿಡ್ಕೊಂಡಿದೆ. ಬಿಗಿ ಹಿಡಿದಷ್ಟೂ ನೋವು, ನೋವಾದಷ್ಟೂ ಹೆದರಿಕೆ. ಮೈಗೂ ಮನಸ್ಸಿಗೂ ಸೇರಿಸಿ ಔಷಧಿ ಮಾಡೋಣ.”

ಮನಸ್ಸು ಎಂದದ್ದೇ ತಡ, ಹುಡುಗಿ ಕಣ್ಣೊರೆಸಿಕೊಂಡು ಸೆಟೆದು ಕುಳಿತಳು. “ನಂಗೇನು ಹುಚ್ಚು ಹಿಡಿದೈತೇನ್ರಿ?”

ಡಾಕ್ಟರು ನಕ್ಕರು. “ತುಂಬಿದ ಬಸ್ಸಲ್ಲಿ ಪಕ್ಕದವರು ಮೈಮೇಲೆ ಬೀಳ್ತಾರೆ ಅಂದ್ರೆ ಮೈ ಗಟ್ಟಿ ಮಾಡ್ಕೋತೀಯ ಇಲ್ವಾ? ಅದೇನು ಹುಚ್ಚಾ? ನಿನ್ನ ಹೊಟ್ಟೆ ಮೂರು ವರ್ಷದಿಂದ ಬಸ್ಸಲ್ಲೇ ನಿಂತಿದೆ. ಅದನ್ನ ಇಳಿಸಬೇಕು, ಅಷ್ಟೆ.”

ಆಮೇಲೆ ಅವಳನ್ನು ಬೆಂಚಿನ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಸ್ಟೀಲು ಬಟ್ಟಲು ಇಟ್ಟು, ಉಸಿರು ತೆಗೆದುಕೊಂಡಾಗ ಅದು ಮೇಲೇಳಬೇಕು, ಬಿಟ್ಟಾಗ ನಿಧಾನ ಇಳಿಯಬೇಕು ಎಂದು ತೋರಿಸಿದರು. ಮನೆಯಲ್ಲಿ ಬಟ್ಟಲಿನ ಬದಲು ಕಾಳು ಅಳೆಯುವ ಪಾವು ಸಾಕು. ಒಂದೇ ಸಮ ಕೂತು ದುಡಿಯಬಾರದು, ಒಂದು ಮೊರ ಶೇಂಗಾ ಸುಲಿದ ಮೇಲೆ ಎದ್ದು ಅಂಗಳ ಸುತ್ತಬೇಕು. ನೋವಿಲ್ಲವೆಂದು ಒಂದೇ ದಿನ ಮೂರು ದಿನದ ಕೆಲಸ ಮಾಡಿ ಮಲಗಲೂಬಾರದು. ಗಂಡನನ್ನು ಬೇರೆಯಾಗಿ ಕೂರಿಸಿಕೊಂಡು, ಎರಡು ತಿಂಗಳು ಅವಳ ತಂಟೆಗೆ ಹೋಗಬೇಡ, ಸುಮ್ಮನೆ ಪಕ್ಕದಲ್ಲಿ ಕೂತು ಮಾತಾಡು ಎಂದರು. ಪಾಪ, ಅವನ ಕಿವಿಯವರೆಗೂ ಕೆಂಪೇರಿತು. “ಎರಡಲ್ರಿ, ಆರಾದ್ರೂ ಆಗ್ಲಿ. ಆಕೆ ನಕ್ಕಂಡಿದ್ರೆ ಸಾಕು,” ಎಂದ. ಒಳ್ಳೆಯ ಮನುಷ್ಯ.

ಹೊರಡುವಾಗ ಡಾಕ್ಟರು ನನಗೊಂದು ಕೆಲಸ ಒಪ್ಪಿಸಿದರು. ನೋವು ಯಾವತ್ತು ಎಷ್ಟು ಬರುತ್ತದೆಂದು ಗುರುತು ಇಡಬೇಕು. ಹುಡುಗಿಗೆ ಓದುಬರಹವಿಲ್ಲ. ನನ್ನ ತಲೆ ಏನು ಕಮ್ಮಿಯೇ? ಕುಂಬಾರರ ಮನೆಯಿಂದ ಏಳು ಪುಟ್ಟ ಕುಡಿಕೆ ತರಿಸಿ, ಸೋಮವಾರದಿಂದ ಭಾನುವಾರದವರೆಗೆ ಏಳು ದಿನಕ್ಕೆ ಏಳು ಎಂದು ಅವಳ ಕೋಣೆಯ ಗೋಡೆಯ ಬುಡದಲ್ಲಿ ಸಾಲಾಗಿ ಇಡಿಸಿದೆ. ನೋವು ಬಂದಾಗ ಆ ದಿನದ ಕುಡಿಕೆಗೆ ಒಂದು ಶೇಂಗಾ ಬೀಜ, ಜೋರಾಗಿ ಬಂದರೆ ಎರಡು. ಅಂಗಳದ ತುಂಬ ಶೇಂಗಾ ಬಿದ್ದಿತ್ತು, ಅದಕ್ಕೇ ಶೇಂಗಾ.

ಮುಂದಿನ ಗುರುವಾರ ಹೋಗಿ ನೋಡಿದರೆ ನಾಲ್ಕು ಕುಡಿಕೆ ಪೂರ್ತಿ ಖಾಲಿ! ನಾನು ಹಿಗ್ಗಿ ಹೀರೇಕಾಯಿಯಾದೆ. ಮಾರನೇ ದಿನ ಜಗಳೂರಿಗೆ ಹೋಗಿ, “ಡಾಕ್ಟ್ರೇ, ವಾರದಲ್ಲಿ ನಾಲ್ಕು ದಿನ ನೋವೇ ಇಲ್ಲ,” ಎಂದು ಡಂಗುರ ಸಾರಿದೆ. ಅವರಿಗೂ ಖುಷಿಯಾಯಿತು. ಅದರ ಮುಂದಿನ ವಾರ ಹೋದರೆ ಏಳಕ್ಕೆ ಏಳೂ ಖಾಲಿ, ಹುಡುಗಿ ಮಾತ್ರ ಗೋಡೆಗೊರಗಿ ಹಲ್ಲು ಕಚ್ಚಿಕೊಂಡು ಕುಳಿತಿದ್ದಾಳೆ. ವಿಚಾರಿಸಿದರೆ, ಕಸ ಗುಡಿಸುವ ಅತ್ತೆ ಮೊದಲ ವಾರ ಕಣ್ಣಿಗೆ ಬಿದ್ದ ನಾಲ್ಕು ಕುಡಿಕೆಗಳನ್ನು, ಈ ವಾರ ಏಳನ್ನೂ ಬಗ್ಗಿಸಿ ಬೀಜವನ್ನೆಲ್ಲ ಚೀಲಕ್ಕೆ ಹಾಕಿಬಿಟ್ಟಿದ್ದಳು.

“ಬಿತ್ತನೆ ಬೀಜ ಕಣ್ರೀ ಅದು! ಕುಡಿಕೇಲಿಟ್ಟು ಇರುವೆ ಮುತ್ತಿಸ್ತೀರಾ? ನರ್ಸಾದ್ರೇನು, ಬೀಜದ ಬೆಲೆ ಗೊತ್ತಾಗಬ್ಯಾಡ್ವಾ?” ಎಂದು ಮುದುಕಿ ನನಗೇ ಮಂಗಳಾರತಿ ಎತ್ತಿದಳು. ಹದಿನೈದು ದಿನದ ನೋವಿನ ಗುರುತೆಲ್ಲ ಬಿತ್ತನೆಯ ಚೀಲ ಸೇರಿತ್ತು. ಅವಳು ಹೇಳಿದ್ದೂ ಸರಿಯಾಗಿತ್ತು. ಅವತ್ತಿನಿಂದ ಶೇಂಗಾ ಬಿಟ್ಟು ಹುಣಸೆಬೀಜ ಹಾಕಿಸಿದೆ. ಹುಣಸೆಬೀಜವನ್ನು ಆ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಈ ಸಲ ಎರಡು ವಾರ ಬಿಟ್ಟು ಕುಡಿಕೆಗಳನ್ನು ಒಂದೊಂದಾಗಿ ನೋಡಿಕೊಂಡು, ಜಗಳೂರಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಹುಣಸೆಬೀಜಗಳನ್ನು ಅದೇ ರೀತಿ ಗುಂಪು ಮಾಡಿ ತೋರಿಸಿದೆ. ಒಟ್ಟಿನಲ್ಲಿ ನೋವು ಒಂಚೂರು ಇಳಿದಿತ್ತು. ಆದರೆ ಒಂದು ಗುಂಪು ಮಾತ್ರ ಉಳಿದವುಗಳ ಎರಡರಷ್ಟಿತ್ತು.

“ಇದ್ಯಾವ ದಿನ?” ಎಂದರು.

“ಗುರುವಾರ.”

“ಗುರುವಾರ ಆ ಊರಲ್ಲಿ ಏನಿದೆ? ಸಂತೆಯಾ? ಕೆಲಸ ಜಾಸ್ತಿನಾ?”

“ಏನೂ ಇಲ್ಲ ಡಾಕ್ಟ್ರೇ. ಗುರುವಾರ ನಾನು ಹೋಗ್ತೀನಿ, ಅಷ್ಟೆ,” ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಡಾಕ್ಟರು ನನ್ನ ಮುಖ ನೋಡಿದರು.

ಮುಂದಿನ ಗುರುವಾರ ಮಧ್ಯಾಹ್ನ, ಅತ್ತೆ ಮಲಗಿದ್ದ ಹೊತ್ತು ನೋಡಿ, ನಾನೂ ಒಂದು ಮೊರ ಎಳೆದುಕೊಂಡು ಅಂಗಳದ ಹೆಂಗಸರ ಜೊತೆ ಶೇಂಗಾ ಸುಲಿಯಲು ಕುಳಿತೆ. ಬಿತ್ತುವ ಬೀಜವನ್ನು ಬಡಿದು ಬಿಡಿಸುವಂತಿಲ್ಲ, ಬೀಜದ ಮೇಲಿನ ತೆಳು ಕೆಂಪು ಸಿಪ್ಪೆ ಹರಿದರೆ ಮೊಳಕೆ ಬರುವುದಿಲ್ಲ. ಒಂದೊಂದನ್ನೇ ಬೆರಳಲ್ಲಿ ಒತ್ತಿ ಸುಲಿಯಬೇಕು. ಎಂಟು ಹತ್ತು ಹೆಂಗಸರು ಸುತ್ತ ಕೂತಿರುತ್ತಾರೆ, ಎಲ್ಲರ ಕಣ್ಣೂ ಮೊರದ ಮೇಲೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದರೂ ಬಾಯಿಬಿಡದವರು ಅಲ್ಲಿ ಎಲ್ಲವನ್ನೂ ಹೇಳುತ್ತಿದ್ದರು.

“ಗುರುವಾರ ನಿಂಗ್ಯಾಕೆ ಅಷ್ಟು ನೋವು?” ಎಂದು ನಾನು ಮೊರ ನೋಡುತ್ತಲೇ ಕೇಳಿದೆ.

ಅವಳು ನಾಲ್ಕೈದು ಕಾಯಿ ಸುಲಿದಳು. “ಹೇಳಿದ್ರೆ ಬೇಜಾರು ಮಾಡ್ಕಂತೀರಿ.”

“ನಾನಾ? ಹೇಳೇ ತಾಯಿ.”

“ನಿಮ್ಮನ್ನ ನೋಡಿದ್ರೇನೇ ಹೊಟ್ಟೆ ಹಿಡ್ಕಂಬಿಡುತ್ತೆ ಅಕ್ಕಾರೆ. ನೀವೂ ಅದೇ ಆಪರೇಷನ್ ಮಾಡಿಸ್ಕಂಡೋರು. ಮೂರು ಮೈಲಿ ದಾಪುಗಾಲು ಹಾಕ್ಕಂಡು ಬರ್ತೀರಿ, ಕೂಗಾಡ್ತೀರಿ, ನಗ್ತೀರಿ. ನಂಗೆ ಬಗ್ಗಿ ಚೊಂಬು ಎತ್ತಾಕಾಗಲ್ಲ. ನಿಮಗೇನೂ ಆಗ್ಲಿಲ್ಲ, ನಂಗ್ಯಾಕಾತು? ಅದಕ್ಕೇ ಅನ್ನೋದು, ನನ್ನೊಳಗೆ ಏನೋ ಬಿಟ್ಟು ಹೊಲಿದಿದಾರೆ. ಸೂಜಿನೋ ಕತ್ತರಿನೋ. ಎಲ್ಲಿ ಚುಚ್ಚುತ್ತೋ ಅಂತ ಬಗ್ಗಲ್ಲ ನಾನು. ದಾವಣಗೆರೇಲಿ ಕೊಯ್ದಾಗ ಅದೂ ಸಿಗುತ್ತೆ.”

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. “ನಿಮ್ಮ ಗಾಯ ಒಂದ್ಸಲ ತೋರಿಸ್ರಿ ಅಕ್ಕಾರೆ. ಎಷ್ಟುದ್ದ ಐತೆ ನೋಡ್ತೀನಿ. ನಂದು ಅದಕ್ಕಿಂತ ಉದ್ದ ಇದ್ರೆ, ಬಿಟ್ಟಿದಾರೆ ಅಂತ್ಲೇ ಅಲ್ವಾ?”

ಸುತ್ತ ಕೂತವರ ಕೈಗಳೂ ನಿಂತವು. ನಾನು, ಜೀಪಿನವರನ್ನೇ ಬೈದ ನಾನು, “ಅಯ್ಯಯ್ಯೋ, ಪಕ್ಕದೂರಲ್ಲಿ ಹೆರಿಗೆ ಐತೆ, ಮರ್ತೇ ಬಿಟ್ಟಿದ್ದೆ,” ಎಂದು ಎದ್ದು ಕಾಲಿಗೆ ಬುದ್ಧಿ ಹೇಳಿದೆ. ಯಾವ ಹೆರಿಗೆಯೂ ಇರಲಿಲ್ಲ.

ಲೇಡಿ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. “ಎಕ್ಸ್‌ರೇ ತೆಗೆದು ತೋರಿಸಬಹುದು. ಆದ್ರೆ ಅವಳು ನಂಬಿರೋದು ಎಕ್ಸ್‌ರೇನ ಅಲ್ಲ, ನಿಮ್ಮನ್ನ,” ಎಂದಷ್ಟೇ ಅಂದರು. ಆ ವಾರವಿಡೀ ನಾನು ಯಾರನ್ನೂ ಬೈಯಲಿಲ್ಲ. ನಿಜ ಹೇಳಿದರೆ ಮುಂದೆ ನನ್ನ ಯಾವ ಮಾತನ್ನು ಯಾರು ನಂಬುತ್ತಾರೆ? ಚುಚ್ಚುಮದ್ದಿಗೆ ಮಗು ತರುತ್ತಾರೆಯೇ? ಹೆರಿಗೆಗೆ ಕರೆಯುತ್ತಾರೆಯೇ? ಹೇಳದಿದ್ದರೆ ಮುಂದಿನ ಸೋಮವಾರ ಅವಳು ಬಸ್ಸು ಹತ್ತುತ್ತಾಳೆ. ಮಧ್ಯೆ ಉಳಿದಿದ್ದದ್ದು ಒಂದೇ ಒಂದು ಗುರುವಾರ.

ಆ ಗುರುವಾರ ಅತ್ತೆಯೂ ಅಂಗಳದಲ್ಲಿದ್ದಳು. ಇರಲಿ ಎಂದುಕೊಂಡೆ. ಅಂಗಳದ ಬೀದಿ ಬಾಗಿಲಿಗೆ ಅಗುಳಿ ಹಾಕಿ ಬಂದು ಹುಡುಗಿಯ ಎದುರು ನಿಂತೆ. “ಗಾಯ ನೋಡ್ತೀನಿ ಅಂದಿದ್ಯಲ್ಲ, ನೋಡು,” ಎಂದು ಸೀರೆಯ ನೆರಿಗೆಯನ್ನು ಕೆಳಗೆ ಸರಿಸಿದೆ. ಅವಳು ಮೊರ ಪಕ್ಕಕ್ಕಿಟ್ಟು ಬಂದು ಬಗ್ಗಿ ನೋಡಿದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು, ಕೊನೆಗೆ ಬೆರಳಾಡಿಸಿದಳು. ಎರಡು ಹೆರಿಗೆಯ ಬಿಳಿ ಗೆರೆಗಳು ಬಿಟ್ಟರೆ ಅಲ್ಲೇನೂ ಇರಲಿಲ್ಲ.

“ಎಲ್ಲೈತ್ರಿ?”

“ಇಲ್ಲ. ನಾನು ಮಾಡಿಸ್ಕಂಡೇ ಇಲ್ಲ. ನಂಗೆ ಚಾಕು ಅಂದ್ರೆ ಹೆದ್ರಿಕೆ. ಕೇಸು ಬೇಕಿತ್ತು, ನಿಮಗೆಲ್ಲ ಸುಳ್ಳು ಹೇಳ್ದೆ. ಅದಕ್ಕೇ ನಂಗೆ ನೋವಿಲ್ಲ. ನಿನ್ನೊಳಗೆ ಯಾರೂ ಏನೂ ಬಿಟ್ಟಿಲ್ಲ.”

“ಥೂ ನಿನ್ನ ಮಕಕ್ಕಿಷ್ಟು!” ಎಂದು ಅತ್ತೆ ಎದ್ದು ನಿಂತಳು. ಇನ್ನೂ ಏನೇನೋ ಅಂದಳು, ಅದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಅಷ್ಟರಲ್ಲಿ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಅವಳೂ ನನ್ನ ಕೇಸೇ, ಮೊರ ನೋಡಿಕೊಂಡೇ ಹೇಳಿದಳು. “ನಂಗೂ ಆರು ತಿಂಗ್ಳು ನೋವಿತ್ತು ಕಣೆ. ನರ್ಸಮ್ಮಂಗೇ ಏನೂ ಆಗಿಲ್ವಂತೆ, ನಂದೇನು ದೊಡ್ಡದು ಅಂತ ಬಾಯಿ ಬಿಡಲಿಲ್ಲ.”

“ನಂಗೂ ಇತ್ತು. ಈಗ್ಲೂ ಒಂದೊಂದ್ಸಲ ಬರುತ್ತೆ,” ಎಂದಳು ಇನ್ನೊಬ್ಬಳು.

ಹುಡುಗಿ ಅವರಿಬ್ಬರನ್ನೂ ನೋಡಿದಳು, ಆಮೇಲೆ ನನ್ನನ್ನು. “ಮೂರು ವರ್ಷ ಅಕ್ಕಾರೆ,” ಎಂದಳು. “ಮೂರು ವರ್ಷ ನಾನೊಬ್ಳೇ ಅಂದ್ಕಂಡಿದ್ದೆ.” ಅಷ್ಟು ಹೇಳಿ ಅಲ್ಲೇ ಕುಕ್ಕರಿಸಿ ಅತ್ತಳು. ನನಗೂ ಅಳು ಬಂತು, ನಾಚಿಕೆಯಿಂದ. ಅವತ್ತು ನನ್ನನ್ನು ಊರ ಬಾಗಿಲವರೆಗೆ ಕಳಿಸಲು ಯಾರೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸವಿಲ್ಲದಿದ್ದರೂ ಆ ಊರಿನ ಬಸ್‌ ನಿಲ್ಲುವ ಕಟ್ಟೆಗೆ ಹೋಗಿ ನಿಂತೆ. ಅವಳ ಅಣ್ಣ ಚೀಲ ಹಿಡಿದು ಒಬ್ಬನೇ ಬಂದ. ನನಗೆ ಕೇಳಲು ಧೈರ್ಯವಿಲ್ಲ. ಬಸ್ಸು ಬಂದಾಗ ಅವನೇ ತಿರುಗಿ, “ಈಗ ಬರಲ್ವಂತ್ರಿ. ಬಿತ್ತನೆ ಮುಗೀಲಿ, ನೋಡಾನ ಅಂದ್ಲು,” ಎಂದು ಹತ್ತಿಕೊಂಡು ಹೋದ.

ಅವಳು ಮತ್ತೆ ದಾವಣಗೆರೆಯ ಮಾತೆತ್ತಲಿಲ್ಲ. ಲೇಡಿ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದಾಗ, ಈ ಸಲ ಅವಳು ನಂಬಿದಳು. ನೋವು ಒಂದೇ ದಿನಕ್ಕೆ ಮಾಯವಾಯಿತೆಂದು ಹೇಳಿದರೆ ಅದು ನನ್ನ ಎರಡನೇ ಸುಳ್ಳಾಗುತ್ತದೆ. ಪಾವು ಹೊಟ್ಟೆಯ ಮೇಲಿಟ್ಟುಕೊಂಡು ದಿನಾ ಉಸಿರಾಡಿದಳು, ಮೊದಲು ಅಂಗಳ ಸುತ್ತಿದಳು, ಆಮೇಲೆ ಬಾವಿಯವರೆಗೆ, ಆಮೇಲೆ ಹೊಲದವರೆಗೆ ನಡೆದಳು. ಗಂಡನ ವಿಷಯವನ್ನು ನಾನು ಕೇಳಲಿಲ್ಲ. ಒಂದು ದಿನ ಅವಳೇ ಮೊರ ನೋಡುತ್ತ, “ಈಗ ಪರವಾಗಿಲ್ಲ ಅಕ್ಕಾರೆ,” ಎಂದು ಮುಖ ಕೆಂಪಗೆ ಮಾಡಿಕೊಂಡಳು. ಅತ್ತೆ ಮೂರು ತಿಂಗಳು ನನಗೆ ಒಂದು ಲೋಟ ನೀರೂ ಕೊಡಲಿಲ್ಲ, ಆದರೆ ಕುಡಿಕೆಗಳನ್ನು ದಿನಾ ತಾನೇ ಒರೆಸಿ ಸಾಲಾಗಿ ಇಡುತ್ತಿದ್ದಳು. ದಸರಾ ಹೊತ್ತಿಗೆ ಗುರುವಾರದ ಕುಡಿಕೆಯೂ ಉಳಿದವುಗಳ ಹಾಗೆಯೇ ಆಯಿತು. ನನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಹೆದರಿದ್ದೆನಲ್ಲ? ಕೇಳಿದರು. ನೋವಿದ್ದರೆ ನೋವಿದೆ ಎಂದೇ ಹೇಳಲು ಶುರುಮಾಡಿದರು.

ದೀಪಾವಳಿ ಕಳೆದ ಮೇಲೆ ನಾನೇ ಜಗಳೂರಿನ ಆಸ್ಪತ್ರೆಯಲ್ಲಿ ಅದೇ ಆಪರೇಷನ್ನಿಗೆ ಹೆಸರು ಬರೆಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಅವತ್ತು ಬೆಳಿಗ್ಗೆ ವರಾಂಡದ ಬೆಂಚಿನ ಮೇಲೆ ಗಡಗಡ ನಡುಗುತ್ತ ಕೂತಿದ್ದರೆ, ಅವಳು ಬಸ್ಸಿನಿಂದಿಳಿದು ಸೀದಾ ಬಂದು ಪಕ್ಕದಲ್ಲಿ ಕುಳಿತಳು. “ಹೊಟ್ಟೆ ಬಿಗಿ ಹಿಡಿಬ್ಯಾಡ್ರಿ ಅಕ್ಕಾರೆ. ಉಸಿರು ಬಿಡ್ರಿ. ನಿಧಾನ,” ಎಂದು ನನ್ನ ಕೈ ಹಿಡಿದುಕೊಂಡಳು. ಒಳಗೆ ಕರೆಯುವವರೆಗೂ ಬಿಡಲಿಲ್ಲ.

ಹೊಲಿಗೆ ಬಿಚ್ಚಿದ ಮಾರನೇ ದಿನ ನನ್ನ ಕ್ವಾರ್ಟರ್ಸಿಗೆ ಬಂದಳು. ಮಂಚದ ಪಕ್ಕ ನಿಂತು, “ಈಗ ತೋರಿಸ್ರಿ,” ಎಂದಳು. ತೋರಿಸಿದೆ. ಹೆಬ್ಬೆರಳು ತೋರುಬೆರಳು ಅಗಲಿಸಿ ನನ್ನ ಗಾಯ ಅಳೆದಳು. ಅದೇ ಅಳತೆಯನ್ನು ಕದಲದಂತೆ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟು ನೋಡಿದಳು.

“ನಿಮ್ದೇ ಉದ್ದ ಕಣ್ರೀ!” ಎಂದು ಚಪ್ಪಾಳೆ ತಟ್ಟಿ ನಕ್ಕಳು.

ನನಗೂ ನಗು ತಡೆಯಲಾಗಲಿಲ್ಲ. ನಕ್ಕರೆ ಗಾಯ ಜಗ್ಗಿ ನೋವಾಗುತ್ತಿತ್ತು, ನಾನು ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡೇ ನಕ್ಕೆ. ಅವಳ ಎರಡು ಕೈಯೂ ಗಾಳಿಯಲ್ಲಿದ್ದವು.